ಉಪಾಧ್ಯರ ಇಡ್ಲಿಂಗ್ ನಿಷೇಧ

ಡೊಂಬಿವಲಿಯ ಪುಂಡರೀಕಾಕ್ಷ ಉಪಾಧ್ಯರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡಿಕೊಂಡೇ ಆಯುಷ್ಯ ಕಳೆದ ಲಕ್ಷಾಂತರ ಮಂದಿಗೆ ಬರುವುದಿಲ್ಲ. ಆದರೆ ಆ ಲಕ್ಷಾಂತರ ಮಂದಿಯಲ್ಲಿ ಯಾರೂ ಆರು ಟೆಂಪೋಗಳ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಆಗಿರಲಿಲ್ಲ. ಉಪಾಧ್ಯರು ಆಗಿದ್ದರು.

ಕಂಪನಿಯ ಹೆಸರು ಜಯಶೀಲ ಬ್ಯಾಟರ್ಸ್. ಡೊಂಬಿವಲಿಯ ಕಾರ್ಖಾನೆಗಳ ಸಾಲಿನಲ್ಲಿ ಇಡ್ಲಿ-ದೋಸೆಯ ಹಿಟ್ಟು ರುಬ್ಬಿ, ಕಲ್ಯಾಣದಿಂದ ಸೀವುಡ್ಸ್‌ವರೆಗಿನ ಉಡುಪಿ ಹೋಟೆಲುಗಳಿಗೆ ಬೆಳಗಾಗುವಷ್ಟರಲ್ಲಿ ಮುಟ್ಟಿಸುವುದು ಅದರ ಕೆಲಸ. ಬೋರ್ಡು ಓದಿ ವಾರಕ್ಕೊಬ್ಬರಾದರೂ ಇನ್ವರ್ಟರಿನ ಬ್ಯಾಟರಿ ಕೇಳಿಕೊಂಡು ಬರುತ್ತಿದ್ದರು. ಮಾಲೀಕ ಜಯಶೀಲ ಶೆಟ್ರು ಆರು ಟೆಂಪೋಗಳ ಚಾವಿಯನ್ನು ಉಪಾಧ್ಯರ ಕೈಗೆ ಕೊಟ್ಟದ್ದು ಬಹಳ ಯೋಚನೆ ಮಾಡಿಯೇ. "ಓಡಿಸ್ಲಿಕ್ಕೆ ಬರುವವನಿಗೆ ಚಾವಿ ಕೊಟ್ರೆ ಆದಿತ್ಯವಾರ ಹೆಂಡತಿ ಮಕ್ಕಳನ್ನು ತುಂಬಿಸಿಕೊಂಡು ಲೋನಾವಳಕ್ಕೆ ಹೋಗ್ತಾನೆ. ಉಪಾಧ್ಯರಾದ್ರೆ ಚಾವಿ ಉಂಟು, ಗಾಡಿ ಉಂಟು, ಹೋಗ್ಲಿಕ್ಕೆ ಮಾತ್ರ ಗೊತ್ತಿಲ್ಲ" ಎಂದು ಅವರು ಎಲ್ಲರೆದುರು ಹೇಳುತ್ತಿದ್ದರು. ಉಪಾಧ್ಯರು ಇದನ್ನು ಹೊಗಳಿಕೆ ಎಂದೇ ತಿಳಿದಿದ್ದರು. ಗೋಡೆಯಲ್ಲಿ ಆರು ಮೊಳೆ, ಮೊಳೆಗೊಂದು ಚಾವಿ, ಕೆಳಗೆ ಕುರ್ಚಿಯಲ್ಲಿ ಉಪಾಧ್ಯರು, ಹೀಗೆ ಎಂಟು ವರ್ಷ ಸುಖವಾಗಿ ಕಳೆದಿತ್ತು.

ಆಮೇಲೆ ಡೀಸೆಲ್ ದರ ತಿಂಗಳಿಗೊಮ್ಮೆ ಮೇಲೇರುವ ಕಾಲ ಬಂತು. ಒಂದು ದಿನ ಶೆಟ್ರು ಕರೆದರು.

"ಉಪಾಧ್ಯರೇ, ನಮ್ಮ ಗಾಡಿ ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡ್ತಾ ಉಂಟು. ಮಾರುವಾಗ ಗಾಡಿ ಕಂಪನಿಯವ ಹದಿಮೂರು ಹೇಳಿದ್ದ. ಉಳಿದ ನಾಲ್ಕು ಎಲ್ಲಿ ಹೋಯ್ತು?"

"ಹೊಗೆಯಾಗಿ ಮೇಲೆ ಹೋಗಿರಬೇಕು ಶೆಟ್ರೇ" ಎಂದರು ಉಪಾಧ್ಯರು, ಸ್ವಲ್ಪ ಯೋಚಿಸಿ.

ಶೆಟ್ರು ಲೆಕ್ಕದ ಪುಸ್ತಕ ಮುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು. "ಕೇಳಿ. ಬರುವ ಒಂದನೇ ತಾರೀಕಿನವರೆಗೆ ನೋಡ್ತೇನೆ. ಹನ್ನೊಂದಾದ್ರೂ ಆಗದಿದ್ರೆ ಆರೂ ಗಾಡಿ ಮಾರಿ ಕಂತ್ರಾಟುದಾರನಿಗೆ ಕೆಲಸ ಕೊಡ್ತೇನೆ. ಡ್ರೈವರ್‌ಗಳು ಬೇರೆ ಕಡೆ ನೋಡಿಕೊಳ್ಳಲಿ. ನೀವು ಪುನಃ ಉದ್ದು ನೆನೆಸುವ ಕೋಣೆಗೆ ಹೋಗಿ."

ಉದ್ದು ನೆನೆಸುವ ಕೋಣೆ ಉಪಾಧ್ಯರಿಗೆ ಹೊಸದಲ್ಲ, ಅಲ್ಲಿಂದಲೇ ಮೇಲೆ ಬಂದವರು. ಆದರೆ ಡೊಂಬಿವಲಿಯ ತಮ್ಮ ಕಟ್ಟಡದಲ್ಲಿ, ಕನ್ನಡ ಸಂಘದಲ್ಲಿ, ಅತ್ತೆಯ ಮನೆಯಲ್ಲಿ ಎಲ್ಲ ಕಡೆ ಅವರು ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಎಂದೇ ಪರಿಚಿತರು. ಅದಕ್ಕಿಂತ ಹೆಚ್ಚಾಗಿ, ಹೊರಗೆ ಬಂದಾಗ ಹಿರಿಯ ಡ್ರೈವರ್ ಪೂವಪ್ಪ ಬಾಗಿಲ ಬಳಿಯೇ ನಿಂತಿದ್ದ. ಅವನಿಗೆ ಐವತ್ತೆರಡು ವರ್ಷ.

"ಈ ಪ್ರಾಯಕ್ಕೆ ನನಗೆ ಯಾರು ಸ್ಟಿಯರಿಂಗ್ ಕೊಡ್ತಾರೆ ಉಪಾಧ್ಯರೇ?" ಎಂದು ಅಷ್ಟೇ ಕೇಳಿದ. ಉಪಾಧ್ಯರು ಅವನ ಹೆಗಲ ಮೇಲೆ ಕೈಯಿಟ್ಟರು. "ನಾನಿಲ್ವಾ ಮಾರಾಯ, ಎಲ್ಲ ನೋಡಿಕೊಳ್ತೇನೆ" ಎಂದುಬಿಟ್ಟರು. ಪೂವಪ್ಪನಿಗೆ ಭಯ ಹೆಚ್ಚಾದದ್ದು ಆಗಲೇ.

ಆ ವಾರವೇ ವಾಶಿಯಲ್ಲಿ ವ್ಯಾಪಾರದ ಗಾಡಿಗಳಲ್ಲಿ ಇಂಧನ ಉಳಿಸುವುದು ಹೇಗೆಂದು ಒಂದು ದಿನದ ತರಬೇತಿ ಇತ್ತು. ಶೆಟ್ರು ಉಪಾಧ್ಯರನ್ನು ಕಳಿಸಿದರು. ಇಸ್ತ್ರಿ ಶರ್ಟು, ಹೊಸ ನೋಟುಪುಸ್ತಕ, ಎರಡು ಪೆನ್ನು. ಪಾಠ ಹೇಳುವವರು ಪರಾಂಜಪೆ ಎಂಬ ಇಂಜಿನಿಯರು. ಬೆಳಗಿನ ಪಾಠವನ್ನೆಲ್ಲ ಉಪಾಧ್ಯರು ನಿಷ್ಠೆಯಿಂದ ಕೇಳಿದರು, ಏನೂ ತಿಳಿಯಲಿಲ್ಲ. ಮಧ್ಯಾಹ್ನ ಪೂರಿ, ಶ್ರೀಖಂಡ, ಮಸಾಲೆ ಭಾತಿನ ಊಟವಾಯಿತು. ಆಮೇಲೆ ಎಸಿ ಕೋಣೆಯ ಕತ್ತಲೆಯಲ್ಲಿ, ಎರಡನೇ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಅವರು ಕಣ್ಣು ಮುಚ್ಚಿ ಚಿಂತನೆಗೆ ಇಳಿದರು.

ಗಾಡಿ ನಿಂತಲ್ಲೇ ನಿಂತು ಇಂಜಿನ್ ಸುಮ್ಮನೆ ಓಡುತ್ತಿದ್ದರೆ ಅದಕ್ಕೆ ಐಡ್ಲಿಂಗ್ ಎನ್ನುತ್ತಾರೆ, ಅದು ಡೀಸೆಲ್ ಕುಡಿಯುವ ಕಳ್ಳ ಎಂದು ಪರಾಂಜಪೆಯವರು ಚಿತ್ರ ಬರೆದು ವಿವರಿಸಿದ್ದು ಆ ಅರ್ಧ ಗಂಟೆಯಲ್ಲಿ. ಉಪಾಧ್ಯರು ಕಣ್ಣು ಬಿಟ್ಟಾಗ ವಿವರಣೆ ಮುಗಿದು, ಪರದೆಯ ಮೇಲೆ ಒಂದೇ ಒಂದು ಇಂಗ್ಲಿಷ್ ಪದ ಗೇಣುದ್ದದ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. ಉಪಾಧ್ಯರು ಕೂಡಿಸಿ ಓದಿದರು. ಐ, ಡಿ, ಎಲ್, ಐ. ಇಡ್ಲಿ. ಮುಂದೆ ಎನ್, ಜಿ. ಇಡ್ಲಿಂಗ್.

ನಲವತ್ತು ವರ್ಷ ಇಡ್ಲಿಯ ಅನ್ನ ತಿಂದ ಮನುಷ್ಯನಿಗೆ ಮೈ ಜುಮ್ಮೆಂದಿತು.

"ಹೆವಿ ಫುಟ್ ಪೆಹಲಾ ದುಶ್ಮನ್, ಐಡ್ಲಿಂಗ್ ದೂಸ್ರಾ ದುಶ್ಮನ್" ಎಂದು ಪರಾಂಜಪೆ ಗುಡುಗಿದರು. ಎಕ್ಸಲರೇಟರನ್ನು ಭಾರವಾಗಿ ಅದುಮುವ ಡ್ರೈವರನ ಕಾಲು ಮೊದಲ ಶತ್ರು, ಐಡ್ಲಿಂಗ್ ಎರಡನೆಯದು ಎಂದು ಅವರು ಹೇಳಿದ್ದು. ಉಪಾಧ್ಯರಿಗೆ ಕೇಳಿಸಿದ್ದು ಹೆವಿ ಫುಡ್. ಎಲ್ಲವೂ ತಾಳೆಯಾಯಿತು. ಉಚ್ಚಾರದ ಬಗ್ಗೆ ಅವರಿಗೆ ಸಂಶಯವೇ ಬರಲಿಲ್ಲ. ದೋಸೆಗೆ ಢೋಸಾ ಎನ್ನುವ ಊರಿನಲ್ಲಿ ಇಡ್ಲಿಗೆ ಐಡ್ಲಿ ಎಂದರೆ ಯಾರೇನು ಮಾಡುವ ಹಾಗಿದೆ?

ಅವರು ಕೈ ಎತ್ತಿದರು. "ಸರ್, ಗರಂ ಯಾ ಥಂಡಾ?"

ಪರಾಂಜಪೆಯವರ ಮುಖ ಅರಳಿತು. ಬಿಸಿ ಇಂಜಿನ್ನೋ ತಣ್ಣಗಿನ ಇಂಜಿನ್ನೋ ಎಂದು ಇಷ್ಟು ಸೂಕ್ಷ್ಮವಾಗಿ ಇದುವರೆಗೆ ಯಾರೂ ಕೇಳಿರಲಿಲ್ಲ. "ದೋನೋ. ಗರಂ ಹೋ ಯಾ ಥಂಡಾ, ನುಕ್ಸಾನ್ ಹೀ ನುಕ್ಸಾನ್."

"ಸುಬಹ್ ಸುಬಹ್ ದೋ ಚಲೇಗಾ?" ಬೆಳಗ್ಗೆ ಬೆಳಗ್ಗೆ ಎರಡಾದರೆ ನಡೆದೀತೇ ಎಂದು ಉಪಾಧ್ಯರು ಕೇಳಿದರು.

"ದೋ ಮಿನಿಟ್? ಏಕ್ ಭೀ ನಹೀಂ."

ಎರಡು ನಿಮಿಷವಲ್ಲ, ಒಂದು ಕೂಡ ಬೇಡ ಎಂದು ಪರಾಂಜಪೆ ಹೇಳಿದ್ದು, ಆದರೆ ಮಿನಿಟ್ ಎಂಬುದು ಉಪಾಧ್ಯರ ಕಿವಿಗೆ ಮಿನಿ ಎಂದು ಬಿತ್ತು. ಮಿನಿ ಇಡ್ಲಿ ಕೂಡ ಬೇಡವೇ ಎಂದು ಅವರು ಬೆರಗಾದರು. "ಲೇಕಿನ್ ಸರ್, ಡ್ರೈವರ್ ಲೋಗೋಂಕೋ ಬೀಸ್ ಸಾಲ್ ಕೀ ಆದತ್ ಹೈ."

"ಆದತ್ ತೋಡೋ" ಎಂದರು ಪರಾಂಜಪೆ, ಇಪ್ಪತ್ತು ವರ್ಷದ ಅಭ್ಯಾಸವಾದರೂ ಮುರಿಯಿರಿ ಎಂದು. ಆಮೇಲೆ ಸಭೆಯತ್ತ ತಿರುಗಿ, ಅನುಭವಸ್ಥರು ಎಂದರೆ ಹೀಗಿರಬೇಕು ಎಂದು ಉಪಾಧ್ಯರಿಗೆ ಚಪ್ಪಾಳೆ ಹೊಡೆಸಿದರು. ಉಪಾಧ್ಯರು ಎದ್ದು ನಿಂತು ಕೈಮುಗಿದರು.

ಆ ಸಂಜೆ ಮನೆಯಲ್ಲಿ ಅವರು ವಿಷಯವನ್ನು ಗಂಭೀರವಾಗಿ ಮಂಡಿಸಿದರು. ಹೆಂಡತಿ ಶ್ರೀಮತಿ ಉದ್ದು ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಇಡ್ಲಿ ತಿಂದ್ರೆ ಡೀಸೆಲ್ ಹೆಚ್ಚು ಸುಡ್ತದೆ ಅಂತ ಯಾರು ಹೇಳಿದ್ದು?"

"ಇಂಜಿನಿಯರ್ ಹೇಳಿದ್ದು. ಪರದೆ ಮೇಲೆ ಬರೆದಿತ್ತು. ನೀನು ಆಲೋಚನೆ ಮಾಡು. ಉದ್ದು ತಿಂದ್ರೆ ಎಂತ ಆಗ್ತದೆ? ನಿದ್ದೆ. ನಿದ್ದೆ ಬಂದವನ ಕಾಲು ಭಾರ. ಕಾಲು ಭಾರ ಆದ್ರೆ ಡೀಸೆಲ್ ಹೋಯ್ತು. ವಿಜ್ಞಾನ ಅಂದ್ರೆ ಇಷ್ಟೇ."

"ಹಾಗಾದ್ರೆ ನಿಮ್ಮ ಅಪ್ಪಯ್ಯ ದಿವಸಕ್ಕೆ ಹನ್ನೆರಡು ಇಡ್ಲಿ ತಿಂದು ಉಡುಪಿಯಿಂದ ಮಣಿಪಾಲಕ್ಕೆ ನಡ್ಕೊಂಡು ಹೋಗ್ತಾ ಇದ್ದದ್ದು?"

"ಅಪ್ಪಯ್ಯ ಡೀಸೆಲ್ ಮೇಲೆ ಓಡ್ತಾ ಇರ್ಲಿಲ್ಲ" ಎಂದು ಉಪಾಧ್ಯರು ವಾದವನ್ನು ಮುಗಿಸಿದರು.

ಮಗಳು ಅಮೂಲ್ಯಾ ಕಾಲೇಜಿಗೆ ಹೋಗುವವಳು, ಮೂರು ಭಾಷೆ ಬಲ್ಲವಳು. ಅವಳೇನಾದರೂ ನೋಟುಪುಸ್ತಕ ಓದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಉಪಾಧ್ಯರು ಬರೆದುಕೊಂಡದ್ದು ಕನ್ನಡದಲ್ಲಿ, ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. "ಪಪ್ಪಾ, ಯೇ ಸಬ್ ಜಲೇಬಿ ಜೈಸಾ ದಿಖ್ತಾ ಹೈ" ಎಂದು ಪುಸ್ತಕ ತಿರುಗಿಸಿ ನೋಡಿ ಕೊಟ್ಟುಬಿಟ್ಟಳು.

ಮರುದಿನ ಚಾವಿಯ ಮೊಳೆಗಳ ಮೇಲೆ ಕೆಂಪು ಅಕ್ಷರದ ಬೋರ್ಡು ಬಂತು. ಕನ್ನಡದಲ್ಲಿ ಒಂದು ಸಾಲು, ಹಿಂದಿಯಲ್ಲಿ ಒಂದು ಸಾಲು: ಇಡ್ಲಿಂಗ್ ಸಂಪೂರ್ಣ ನಿಷೇಧ, ಇಡ್ಲಿಂಗ್ ಸಖ್ತ್ ಮನಾ ಹೈ.

ಇದು ಎಂಥ ಆಜ್ಞೆ ಎಂದು ತಿಳಿಯಬೇಕಾದರೆ ಬೋಣಿ ಇಡ್ಲಿಯ ಪದ್ಧತಿ ಗೊತ್ತಿರಬೇಕು. ಬೆಳಗ್ಗೆ ಟೆಂಪೋ ಹೋಟೆಲಿನ ಬಾಗಿಲಿಗೆ ಬಂದು ಗುರುಗುಡುತ್ತ ನಿಂತು, ಹಿಟ್ಟಿನ ಡಬ್ಬಿ ಇಳಿದ ಕೂಡಲೇ, ಹೋಟೆಲಿನವರು ಆ ಹಿಟ್ಟಿನಿಂದ ಒಂದು ತಟ್ಟೆ ಇಡ್ಲಿ ಹಬೆಗೆ ಇಡುತ್ತಾರೆ. ಬೆಂದ ಇಡ್ಲಿಯನ್ನು ಮೊದಲು ತಿನ್ನುವವನು ಹಿಟ್ಟು ತಂದ ಡ್ರೈವರ್. ಅವನು ತಿಂದು ತಲೆಯಾಡಿಸಿದರೆ ಹಿಟ್ಟು ಚೆನ್ನಾಗಿ ಹುದುಗಿದೆ ಎಂದು ಅರ್ಥ, ಆ ದಿನದ ವ್ಯಾಪಾರ ಶುರು. ಇಪ್ಪತ್ತು ವರ್ಷದಿಂದ ನಡೆದುಬಂದ ಕ್ರಮ. ಒಬ್ಬೊಬ್ಬ ಡ್ರೈವರಿಗೆ ಏಳೆಂಟು ಹೋಟೆಲು, ಹೋಟೆಲಿಗೆ ಎರಡು ಇಡ್ಲಿ.

"ಒಂದು ಕೂಡ ಬೇಡ್ವಾ?" ಎಂದು ಪೂವಪ್ಪ ಬೋರ್ಡಿನ ಮುಂದೆ ನಿಂತು ಕೇಳಿದ.

"ಮಿನಿ ಕೂಡ ಬೇಡ. ಇಂಜಿನಿಯರ್ ಹತ್ರ ಕೇಳಿಯೇ ಬಂದದ್ದು. ಡಬ್ಬಿ ಇಳಿಸು, ಹೊರಡು."

"ಚಟ್ನಿ?"

"ಚಟ್ನಿ ನೆಕ್ಕಿಕೊಂಡು ಹೊರಡಬಹುದು. ಅದರ ಬಗ್ಗೆ ಅವರು ಎಂತದೂ ಹೇಳ್ಲಿಲ್ಲ."

ಪೂವಪ್ಪನಿಗೆ ಕೋಪ ನೆತ್ತಿಗೇರಿತು. ಆದರೆ ಒಂದನೇ ತಾರೀಕು ಎಲ್ಲ ಆರು ಮಂದಿಯ ತಲೆಯ ಮೇಲೂ ತೂಗುತ್ತಿತ್ತು. ತುಳುವಿನಲ್ಲಿ ಏನೋ ಗೊಣಗಿಕೊಂಡು ಚಾವಿ ತೆಗೆದುಕೊಂಡ. ದೊಡ್ಡವರು ನಡೆದು ತೋರಿಸಬೇಕು ಎಂದು ಉಪಾಧ್ಯರು ಮನೆಯಲ್ಲಿ ತಾವೂ ಇಡ್ಲಿ ಬಿಟ್ಟರು. ಶ್ರೀಮತಿ ಆ ವಾರ ದಿನಾಲೂ ಇಡ್ಲಿಯನ್ನೇ ಮಾಡಿದಳು.

ಐದನೆಯ ದಿನ ಮೊದಲ ಫೋನು ಬಂತು. ಮಾಜಿವಾಡಾದಲ್ಲಿ ಹೋಟೆಲು ಇಟ್ಟಿದ್ದ ಸಂಕರ್ಷಣ ಭಟ್ಟರು, ಕಂಪನಿಯ ಅತ್ಯಂತ ಹಳೆಯ ಗಿರಾಕಿ.

"ಉಪಾಧ್ಯರೇ, ನನ್ನಿಂದ ಎಂತ ತಪ್ಪಾಗಿದೆ?"

"ಎಂತದೂ ಇಲ್ಲ ಭಟ್ರೇ."

"ಹಾಗಾದ್ರೆ ಪೂವಪ್ಪ ನನ್ನ ಹೋಟೆಲಿನ ಇಡ್ಲಿ ಯಾಕೆ ಮುಟ್ಟುದಿಲ್ಲ? ಬಾಳೆಲೆಯಲ್ಲಿ ಹಾಕಿ ಕೊಟ್ರೆ ಕೈಮುಗಿದು ಓಡ್ತಾನೆ. ನಿಮ್ಮ ಹಿಟ್ಟು ನಿಮ್ಮ ಡ್ರೈವರೇ ತಿನ್ನುದಿಲ್ಲ ಅಂದ್ರೆ ಅದಕ್ಕೆ ಎಂತ ಹಾಕಿದ್ದೀರಿ?"

"ಅದು ಇಂಜಿನಿಯರಿಂಗ್ ವಿಷಯ ಭಟ್ರೇ, ನಿಮಗೆ ಫೋನಿನಲ್ಲಿ ಹೇಳಿದ್ರೆ ತಿಳಿಯುದಿಲ್ಲ."

ಹಿಟ್ಟಿನಲ್ಲಿ ಇಂಜಿನಿಯರಿಂಗ್ ವಿಷಯ ಇದೆಯಂತೆ ಎಂಬ ಸುದ್ದಿ ಮಾಜಿವಾಡಾದಿಂದ ಹೊರಟು ಕಳವಾ ಮುಟ್ಟುವಷ್ಟರಲ್ಲಿ ಹಿಟ್ಟಿಗೆ ಇಂಜಿನ್ ಆಯಿಲ್ ತಾಗಿದೆಯಂತೆ ಎಂದಾಯಿತು. ಕಲ್ಯಾಣದಲ್ಲಿ ಡ್ರೈವರುಗಳೆಲ್ಲ ಸೇರಿ ಹರಕೆ ಹೊತ್ತಿದ್ದಾರೆ ಎಂದರು. ಸೀವುಡ್ಸ್‌ನ ಹೋಟೆಲಿನವರು ಇನ್ನೂ ಮುಂದೆ ಹೋಗಿ, ಶೆಟ್ರ ಮನೆಯಲ್ಲಿ ಯಾರೋ ತೀರಿಹೋಗಿರಬೇಕು, ಅದಕ್ಕೇ ಸೂತಕ ಹಿಡಿದಿದ್ದಾರೆ ಎಂದು ತೀರ್ಮಾನಿಸಿ, ಬಿಳಿ ಅಂಗಿ ಹಾಕಿಕೊಂಡು ಡೊಂಬಿವಲಿಗೆ ಬಂದರು. ಶೆಟ್ರು ಅವರನ್ನು ನಗುನಗುತ್ತ ಬಾಗಿಲಲ್ಲಿ ಬರಮಾಡಿಕೊಂಡದ್ದು ನೋಡಿ ಅವರಿಗೆ ಸ್ವಲ್ಪ ನಿರಾಶೆಯೇ ಆಯಿತು.

ಹೀಗೆ ಒಂದನೇ ತಾರೀಕು ಬಂತು. ಶೆಟ್ರ ಕೋಣೆಯಲ್ಲಿ ಎಲ್ಲ ಹೋಟೆಲುಗಳ ಪರವಾಗಿ ಸಂಕರ್ಷಣ ಭಟ್ಟರು ಕೂತಿದ್ದರು. ಮಾರುವ ಮೊದಲು ಗಾಡಿಗಳನ್ನು ಒಮ್ಮೆ ತೋರಿಸೋಣವೆಂದು ಶೆಟ್ರು ವಾಶಿಯಿಂದ ಪರಾಂಜಪೆಯವರನ್ನೇ ಕರೆಸಿದ್ದರು. ಬಾಗಿಲ ಬಳಿ ಪೂವಪ್ಪ, ಗೋಡೆಗೆ ಒರಗಿ ಉಪಾಧ್ಯರು. ಭಟ್ಟರು ಮೇಜು ಗುದ್ದಿದರು.

"ಶೆಟ್ರೇ, ಡ್ರೈವರ್ ಇಡ್ಲಿ ತಿನ್ನದೆ ಇದ್ರೆ ನಾಳೆಯಿಂದ ನನಗೆ ಹಿಟ್ಟು ಬೇಡ. ಇಷ್ಟೇ."

ಶೆಟ್ರು ಉಪಾಧ್ಯರತ್ತ ತಿರುಗಿದರು. ಆ ನೋಟದಲ್ಲಿ ಉದ್ದು ನೆನೆಸುವ ಕೋಣೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟರಲ್ಲಿ, ಆರು ಗಾಡಿಗಳ ಓಟದ ಪುಸ್ತಕ ತಿರುವುತ್ತಿದ್ದ ಪರಾಂಜಪೆ ತಲೆ ಎತ್ತಿದರು.

"ಶೇಟ್‌ಜೀ, ಗಾಡಿ ಕ್ಯೂಂ ಬೇಚ್ ರಹೇ ಹೋ? ಸಾಡೇ ಗ್ಯಾರಹ್ ದೇ ರಹೀ ಹೈ."

ಗಾಡಿ ಯಾಕೆ ಮಾರುತ್ತೀರಿ, ಹನ್ನೊಂದೂವರೆ ಕೊಡುತ್ತಿದೆಯಲ್ಲ ಎಂದು ಅವರು ಕೇಳಿದ್ದು. ಶೆಟ್ರು ಪುಸ್ತಕ ಎಳೆದುಕೊಂಡು ನೋಡಿದರು. ಹೌದು, ಲೀಟರಿಗೆ ಹನ್ನೊಂದೂವರೆ ಕಿಲೋಮೀಟರ್. ಆರೂ ಗಾಡಿ.

ಪರಾಂಜಪೆ ಉಪಾಧ್ಯರನ್ನು ಗುರುತು ಹಿಡಿದು, ತಮ್ಮಿಂದ ಯಾವ ಕಂಪನಿಯಲ್ಲೂ ಆಗದ್ದನ್ನು ಮಾಡಿಸಿದವರನ್ನು ಕಂಡು ಎದ್ದೇ ನಿಂತರು. "ಅರೇ, ಆಪ್! ಐಡ್ಲಿಂಗ್ ಕೈಸೇ ಬಂದ್ ಕರವಾಯಾ? ಮೇರೇ ಸೇ ತೋ ಕಿಸೀ ಕಂಪನಿ ಮೇ ನಹೀಂ ಹುವಾ."

"ಸೀದಾ ಹೈ ಸಾಬ್" ಎಂದರು ಉಪಾಧ್ಯರು, ಜೀವ ಬಂದವರಂತೆ. "ಪ್ಲೇಟ್ ಛೀನ್ ಲಿಯಾ." ಪ್ಲೇಟನ್ನೇ ಕಿತ್ತುಕೊಂಡೆ ಎಂದು.

"ಕ್ಲಚ್ ಪ್ಲೇಟ್?"

"ಸ್ಟೀಲ್ ಪ್ಲೇಟ್. ಇಡ್ಲೀ ಕಾ."

ಪರಾಂಜಪೆ ನಿಧಾನವಾಗಿ ಕೂತರು. ಒಂದು ಬಿಳಿ ಕಾಗದ ತೆಗೆದು, ನಿಂತ ಗಾಡಿ, ಓಡುವ ಇಂಜಿನ್, ಸೋರುವ ಡೀಸೆಲ್ ಎಲ್ಲ ಚಿತ್ರ ಬರೆದು ಐಡ್ಲಿಂಗ್ ಎಂದರೆ ಏನೆಂದು ಎರಡನೆಯ ಸಲ ವಿವರಿಸಿದರು. ಉಪಾಧ್ಯರು ಈ ಸಲ ಎಚ್ಚರವಾಗಿಯೇ ಕೇಳಿದರು. ಕೇಳುತ್ತ ಕೇಳುತ್ತ ಅವರ ಕಿವಿ ಬಿಸಿಯಾಯಿತು, ಆಮೇಲೆ ಕುತ್ತಿಗೆ. ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಶೆಟ್ರ ಕೋಣೆ ಇದ್ದ ಮೂರನೇ ಮಾಳಿಗೆಯಲ್ಲಿ ಅದು ಸಾಧ್ಯವಿರಲಿಲ್ಲ.

"ಹಾಗಾದ್ರೆ ಇಡ್ಲಿ ಬಿಟ್ಟದ್ದಕ್ಕೆ ಡೀಸೆಲ್ ಯಾಕೆ ಉಳಿಯಿತು?" ಎಂದು ಶೆಟ್ರು ಕೇಳಿದರು.

 ಪೂವಪ್ಪ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದ. "ಧಣಿ, ಇಡ್ಲಿ ಬೇಯಲಿಕ್ಕೆ ಹನ್ನೆರಡು ನಿಮಿಷ. ತಿನ್ನಲಿಕ್ಕೆ ಐದು. ಅಷ್ಟು ಹೊತ್ತು ಗಾಡಿ ಚಾಲೂ ಇರ್ತಿತ್ತು."

"ಬಂದ್ ಮಾಡ್ಲಿಕ್ಕೆ ಎಂತ ರೋಗ?"

"ಬಂದ್ ಮಾಡಿದ್ರೆ ಅದು ಪಾರ್ಕಿಂಗ್ ಆಗ್ತದೆ ಧಣಿ, ಟ್ರಾಫಿಕ್ ಹವಾಲ್ದಾರ್ ದಂಡದ ಚೀಟಿ ಹರೀತಾನೆ. ಚಾಲೂ ಇದ್ರೆ ಈಗ ಹೊರಟೆ ಅಂತ ಹೇಳ್ಬಹುದು. ಇಪ್ಪತ್ತು ವರ್ಷದಿಂದ ನಾವೆಲ್ಲ ಈಗ ಹೊರಟೆ ಅಂತಲೇ ಇಡ್ಲಿ ತಿಂದದ್ದು."

ಏಳೆಂಟು ಹೋಟೆಲು, ಹೋಟೆಲಿಗೆ ಹದಿನೇಳು ನಿಮಿಷ, ಆರು ಗಾಡಿ. ಪರಾಂಜಪೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಹಣೆಗೆ ಕೈ ಹಚ್ಚಿಕೊಂಡರು. ಶೆಟ್ರು ಮಾತ್ರ ಉಪಾಧ್ಯರನ್ನೇ ನೋಡುತ್ತಿದ್ದರು.

"ಉಪಾಧ್ಯರೇ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

ಮನುಷ್ಯನ ಜೀವನದಲ್ಲಿ ಸತ್ಯ ಹೇಳಬೇಕಾದ ಗಳಿಗೆ ಎಂದು ಒಂದು ಬರುತ್ತದೆ. ಉಪಾಧ್ಯರು ಅದನ್ನು ಮರ್ಯಾದೆಯಿಂದ ಮುಂದೆ ಹೋಗಲು ಬಿಟ್ಟರು.

"ಗೊತ್ತಿಲ್ಲದೆ ಬೋರ್ಡು ಬರೆಸ್ತೇನಾ ಶೆಟ್ರೇ? ಇಂಜಿನ್ ಬಂದ್ ಮಾಡಿ ಅಂದಿದ್ರೆ ಇವರು ಯಾರೂ ಕೇಳ್ತಿರ್ಲಿಲ್ಲ. ಅದಕ್ಕೆ ಮೂಲಕ್ಕೇ ಕೈ ಹಾಕಿದೆ."

ಶೆಟ್ರು ಪೂವಪ್ಪನತ್ತ ನೋಡಿದರು. ಪೂವಪ್ಪನಿಗೆ ಚಟ್ನಿಯ ಮಾತು ನೆನಪಿತ್ತು. ಒಂದು ತಿಂಗಳು ಹಸಿದ ಹೊಟ್ಟೆಯೂ ನೆನಪಿತ್ತು. ಒಂದೇ ಒಂದು ಮಾತಿನಲ್ಲಿ ಉಪಾಧ್ಯರನ್ನು ಉದ್ದಿನ ಕೋಣೆಗೆ ಅಟ್ಟಬಹುದಾಗಿತ್ತು.

"ಹೌದು ಧಣಿ" ಎಂದ ಪೂವಪ್ಪ. "ಉಪಾಧ್ಯರು ನನಗೆ ಮೊದಲೇ ಗುಟ್ಟಿನಲ್ಲಿ ಹೇಳಿದ್ರು."

ಉಪಾಧ್ಯರ ಕಣ್ಣಲ್ಲಿ ನೀರು ಬಂತು. ಅವರು ಕಿಟಕಿಯ ಕಡೆ ಮುಖ ಮಾಡಿ, ಕಾರ್ಖಾನೆಗಳ ಹೊಗೆ ಜಾಸ್ತಿಯಾಗಿದೆ ಎಂದರು.

ಗಾಡಿಗಳು ಉಳಿದವು. ಭಟ್ಟರು ಮಾತ್ರ ಹಟ ಬಿಡಲಿಲ್ಲ, ಬೋಣಿ ಇಡ್ಲಿ ಆಗಲೇಬೇಕು. ಕೊನೆಗೆ ಅವರೇ ದಾರಿ ಹೇಳಿದರು. ಡ್ರೈವರ್ ಗಾಡಿ ಬಂದ್ ಮಾಡಿ ಚಾವಿ ತಂದು ಗಲ್ಲಾಪೆಟ್ಟಿಗೆಯ ಮೇಲೆ ಇಡಬೇಕು, ಆಮೇಲೆಯೇ ತಟ್ಟೆ. ಚಾವಿ ಇಲ್ಲದವನಿಗೆ ಇಡ್ಲಿ ಇಲ್ಲ. ಇಷ್ಟು ಸರಳ ಉಪಾಯ ವಾಶಿಯಲ್ಲಿ ಯಾಕೆ ಹೊಳೆಯಲಿಲ್ಲವೋ ಎಂದು ಪರಾಂಜಪೆ ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಹೊಸ ಕ್ರಮದ ಮೊದಲ ಬೆಳಗ್ಗೆ ಉಪಾಧ್ಯರು ಖುದ್ದು ಮೇಲ್ವಿಚಾರಣೆಗೆಂದು ಪೂವಪ್ಪನ ಟೆಂಪೋದಲ್ಲಿ ಮಾಜಿವಾಡಾಕ್ಕೆ ಹೋದರು. ಪೂವಪ್ಪ ಇಂಜಿನ್ ಆರಿಸಿ, ಚಾವಿ ಹಿಡಿದು ಒಳಗೆ ಹೋದ. ಹವಾಲ್ದಾರ್ ಬಂದರೆ ನೋಡಿಕೊಳ್ಳುತ್ತೇನೆಂದು ಉಪಾಧ್ಯರು ಗಾಡಿಯಲ್ಲೇ ಕೂತರು. ಇಂಜಿನ್ ಸದ್ದಿಲ್ಲದ ಆ ಮುಂಜಾವದಲ್ಲಿ ಹೋಟೆಲಿನ ಹಬೆಯ ವಾಸನೆ ಹಿತವಾಗಿತ್ತು. ಹವಾಲ್ದಾರ್ ಬಂದೇ ಬಂದರು. ಕೈಯಲ್ಲಿ ಚೀಟಿ ಪುಸ್ತಕ, ಬಾಯಲ್ಲಿ ಗಾಡಿ ಯಾರದ್ದೆಂಬ ಮರಾಠಿ ಪ್ರಶ್ನೆ.

"ಗಾಡೀ ಕೋಣಾಚೀ?"

"ಮಾಝೀ" ಎಂದರು ಉಪಾಧ್ಯರು, ನನ್ನದೇ ಎಂಬ ಗತ್ತಿನಲ್ಲಿ. "ಮೀ ಇನ್‌ಚಾರ್ಜ್."

"ಮಗ ಕಾಢಾ."

ಗಾಡಿ ತೆಗೆ ಎಂದರೆ ಉಪಾಧ್ಯರು ಎಲ್ಲಿಂದ ತೆಗೆದಾರು? ಓಡಿಸಲು ಬರುವುದಿಲ್ಲ ಎನ್ನಲು ಇನ್‌ಚಾರ್ಜ್ ಪದವಿ ಬಿಡಲಿಲ್ಲ. "ಚಾವೀ ನಾಹೀ ಸಾಹೇಬ್. ಹೋಟೆಲಾತ್ ಆಹೇ."

"ಕಾ?" ಯಾಕೆ ಎಂದು ಹವಾಲ್ದಾರ್ ಕೇಳಿದರು.

ಉಪಾಧ್ಯರು ಬೆನ್ನು ನೆಟ್ಟಗೆ ಮಾಡಿದರು. ಪರಾಂಜಪೆಯವರು ಎರಡು ಸಲ ಕಲಿಸಿದ ಉಚ್ಚಾರ ಆ ಗಳಿಗೆಯಲ್ಲಿ ಮರೆತುಹೋಯಿತು. ಬಾಯಿಗೆ ಬಂದದ್ದು ಬೋರ್ಡಿನ ಮಾತೇ.

"ಇಡ್ಲಿಂಗ್ ಬಂದ್ ಹೈ."

ಹವಾಲ್ದಾರರ ಮುಖ ಇಳಿದುಹೋಯಿತು. ಅವರು ಒಮ್ಮೆ ಹೋಟೆಲನ್ನು ನೋಡಿದರು, ಒಮ್ಮೆ ಹಬೆಯನ್ನು ನೋಡಿದರು. ಚೀಟಿ ಪುಸ್ತಕವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಇಡ್ಲೀ ಬಂದ್?" ಎಂದರು ಸಣ್ಣ ದನಿಯಲ್ಲಿ. "ಮಗ ವಡಾ ತರೀ ಆಹೇ ಕಾ?"

ವಡೆಯಾದರೂ ಉಂಟೇ ಎಂದು ಆ ಮನುಷ್ಯ ಕೇಳಿದ್ದು. ಉಪಾಧ್ಯರು ಟೆಂಪೋದಿಂದ ಇಳಿದು, ಅವರಿಗೆ ಹೋಟೆಲಿನ ದಾರಿ ತೋರಿಸಿದರು.